ಮೇರುಪ್ರಸ್ತಾರವೂ ದ್ವಿಪದ ಪ್ರಮೇಯವೂ

ದ್ವಿಪದ ಪ್ರಮೇಯದ ಗುಣಾಂಕಗಳನ್ನು ಸಾಲುಸಾಲಾಗಿ ಬರೆದ ತ್ರಿಕೋಣಕ್ಕೆ ಪಾಠಪುಸ್ತಕಗಳಲ್ಲಿ ಪಾಸ್ಕಲನ ಹೆಸರು ರೂಢವಾಗಿದೆ. ಇದಕ್ಕೆ ಪ್ರತಿಯಾಗಿ, ಪ್ರಮೇಯವನ್ನೇ ಪಿಂಗಲನು ಕಂಡಿದ್ದನೆಂದು ವಾದಿಸುವವರೂ ಉಂಟು. ಈ ಎರಡು ಮಾತುಗಳನ್ನೂ ಪರಿಶೀಲಿಸುವುದು ನಮ್ಮ ಉದ್ದೇಶ.

ಪಿಂಗಲನ ಛಂದಃಸೂತ್ರಗಳು ಅತಿ ಸಂಕ್ಷಿಪ್ತವಾದವು. ಮೇರುಪ್ರಸ್ತಾರವನ್ನು ಅವುಗಳ ವ್ಯಾಖ್ಯಾನದಲ್ಲಿ ಬಿಡಿಸಿ ಹೇಳಿದವನು ಹತ್ತನೆಯ ಶತಮಾನದ ಹಲಾಯುಧ. ಮೇಲೆ ಒಂದು ಮನೆ, ಕೆಳಗೆ ಎರಡು, ಅನಂತರ ಮೂರು. ಅಂಚಿನ ಮನೆಗಳಲ್ಲಿ ಒಂದು, ನಡುವಿನವುಗಳಲ್ಲಿ ಮೇಲಿನ ಎರಡು ಮನೆಗಳ ಮೊತ್ತ. ಇಂತಿಷ್ಟು ಅಕ್ಷರಗಳ ಪಾದದಲ್ಲಿ ಇಂತಿಷ್ಟು ಗುರುಗಳುಳ್ಳ ಭೇದಗಳೆಷ್ಟೆಂಬುದನ್ನು ಇದು ತಿಳಿಸುತ್ತದೆ.

ವಿದ್ಯಾರ್ಥಿಗಳಿಗೆ ಪರಿಚಿತವಾದ ಅಕ್ಷರಗಣಗಳೇ ಇದಕ್ಕೆ ನಿದರ್ಶನ. ಸರ್ವಗುರುವಾದದ್ದು ಮಗಣವೊಂದೇ, ಎರಡು ಗುರುಗಳುಳ್ಳವು ಯ, ರ, ತ ಎಂಬ ಮೂರು, ಒಂದು ಗುರುವುಳ್ಳವು ಭ, ಜ, ಸ ಎಂಬ ಮೂರು, ಸರ್ವಲಘು ನಗಣವೊಂದು. (ಗ + ಲ) ಎಂಬ ಆವರಣವನ್ನು ಮೂರು ಬಾರಿ ಬರೆದು ಗುಣಿಸಿ ಬಿಡಿಸಿದರೂ ದೊರೆಯುವ ಗುಣಾಂಕಗಳು ೧, ೩, ೩, ೧.

ಆದರೆ ಛಂದಸ್ಸಿನಲ್ಲಿ ಭಗಣವು ಜಗಣವಾಗದು. ಅಲ್ಲಿ ಕ್ರಮವೇ ಜೀವ. ಬೀಜಗಣಿತದಲ್ಲಿ ಗುಣಿಸುವ ಕ್ರಮ ಬದಲಾದರೂ ಲಬ್ಧವು ಬದಲಾಗದಾದುದರಿಂದ ಆ ಮೂರು ಪದಗಳು ಒಂದಾಗಿ, ಅವುಗಳ ಎಣಿಕೆ ಮಾತ್ರ ಗುಣಾಂಕವಾಗಿ ಉಳಿಯುತ್ತದೆ. ಹಲಾಯುಧನ ಮೇರುವಿನಲ್ಲಿ ಎಣಿಕೆಯಿದೆ, ಆವರಣದ ವಿಸ್ತರಣೆಯಿಲ್ಲ.

ಕರ್ನಾಟಕದ ಮಟ್ಟಿಗೆ ಗಮನಿಸತಕ್ಕ ಹೆಸರು ಮಹಾವೀರಾಚಾರ್ಯನದು. ಅಮೋಘವರ್ಷ ನೃಪತುಂಗನನ್ನು ಸ್ತುತಿಸುವ ಗಣಿತಸಾರಸಂಗ್ರಹದಲ್ಲಿ (ಸು. ೮೫೦) ಅವನು ಮೇರುವನ್ನು ರಚಿಸದೆಯೇ ಅದೇ ಸಂಖ್ಯೆಗಳನ್ನು ತರುವ ಸಾಮಾನ್ಯ ವಿಧಿಯನ್ನು ಕೊಟ್ಟಿದ್ದಾನೆ: ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸುವುದು. ಷಡ್ರಸಗಳಲ್ಲಿ ಮೂರು ಮೂರನ್ನು ಕೂಡಿಸುವ ಬಗೆಗಳು ೬×೫×೪ನ್ನು ೧×೨×೩ರಿಂದ ಭಾಗಿಸಲು ೨೦. ದ್ವಿಪದ ಗುಣಾಂಕಕ್ಕೆ ಇಂದು ನಾವು ಬಳಸುವುದೂ ಇದೇ ವಿಧಿ.

ಈ ಸಂಖ್ಯೆಗಳನ್ನು ದ್ವಿಪದದ ಘಾತಗಳ ವಿಸ್ತರಣೆಗೇ ಬಳಸಿದವನು ಸು. ೧೦೦೦ರ ಬಾಗ್ದಾದಿನ ಅಲ್-ಕರಜಿ. ಅವನ ಕೋಷ್ಟಕ ಹನ್ನೆರಡನೆಯ ಶತಮಾನದ ಅಲ್-ಸಮವಾಲನ ಗ್ರಂಥದ ಮೂಲಕ ನಮಗೆ ತಿಳಿದಿದೆ. ಪಾಸ್ಕಲನ ಗ್ರಂಥ ಅಚ್ಚಾದುದು ೧೬೬೫ರಲ್ಲಿ. ಭಿನ್ನರಾಶಿಯ ಘಾತಗಳಿಗೂ ಪ್ರಮೇಯವನ್ನು ವಿಸ್ತರಿಸಿದ ನ್ಯೂಟನ್ ಅದನ್ನು ೧೬೭೬ರ ಪತ್ರಗಳಲ್ಲಿ ವಿವರಿಸಿದನು.

ಆದುದರಿಂದ ತ್ರಿಕೋಣದ ಆದ್ಯತೆ ಪಾಸ್ಕಲನಿಗೆ ಸಲ್ಲದು. ಪ್ರಮೇಯದ ಕರ್ತೃತ್ವ ಪಿಂಗಲನಿಗೂ ಸಲ್ಲದು. ಪೂರ್ವಿಕರು ಮಾಡದುದನ್ನು ಅವರಿಗೆ ಆರೋಪಿಸಿದರೆ, ಅವರು ನಿಜವಾಗಿ ಮಾಡಿದುದು ನಮ್ಮ ಕಣ್ಣಿಗೆ ಮರೆಯಾಗುತ್ತದೆ. ಪದ್ಯದ ಲಯವನ್ನು ಎಣಿಸಹೊರಟು ಸಂಖ್ಯೆಗಳ ನಿಯಮವನ್ನು ಕಂಡುದು ತನ್ನಷ್ಟಕ್ಕೇ ಸಾಲದ ಸಾಧನೆಯೇನಲ್ಲ.