ಟ್ರಾನ್ಸಿಸ್ಟರ್ ಮೊದಲು ಬಂದದ್ದು ಕಿವಿಗೆ

ಸಯನ್ ಸ್ಟೇಷನ್ನಿನ ಫಲಕ ನೋಡಿದ್ದೀರಲ್ಲ? ಇಂಗ್ಲಿಷಿನಲ್ಲಿ ಸಯನ್, ಮರಾಠಿಯಲ್ಲಿ 'ಶೀವ್'. ಶೀವ್ ಅಂದ್ರೆ ಗಡಿ. ಹಳೇ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು ಆಚೆ ಸಾಲ್ಸೆಟ್ ಶುರುವಾಗುತ್ತಿತ್ತು. ಆ 'ಶೀವ್' ಪರದೇಶದವರ ಕಿವಿಗೆ ಬಿದ್ದು ಸಯನ್ ಆಯ್ತು ಅಂತ ಒಂದು ಮಾತಿದೆ. ನನಗೂ ಈಗ ಅದೇ ತೊಂದರೆ. ವಯಸ್ಸಾದ ಕಿವಿಯಿಂದ ಮೊದಲು ಜಾರಿಹೋಗೋದು ಸ, ಶ, ಫ ಥರದ ಸಣ್ಣ ಸದ್ದುಗಳೇ. ಅಡುಗೆಮನೆಯಿಂದ ಹೆಂಡತಿ 'ಸಕ್ಕರೆ' ಅಂದ್ರೆ ನನಗೆ 'ಅಕ್ಕರೆ' ಅಂತ ಕೇಳುತ್ತೆ. ದೂರು ಹೇಳ್ತಾ ಇಲ್ಲ.

ಇವತ್ತಿನ ವಿಷಯ, ಕಿವಿ ಮಂದವಾದವರು ಸಂಗೀತವನ್ನು ಹೇಗೆ ಉಳಿಸಿಕೊಂಡರು ಅನ್ನೋದು. ನಾನು ಪಿಟೀಲು ನುಡಿಸೋನು. ಹಾಗಾಗಿ ಸ್ವಂತದ ಮಾತೂ ಬರುತ್ತೆ.

1952ರಲ್ಲಿ ನಮ್ಮ ಕಡೆ ಷಣ್ಮುಖಾನಂದ ಸಭಾ ಹುಟ್ಟಿತು. ಪಕ್ಕದ ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದಲೇ ಇತ್ತು, ಕಛೇರಿ ಕೇಳೋ ಜನಕ್ಕೆ ಇಲ್ಲಿ ಬರ ಇರಲಿಲ್ಲ. ಅದೇ 1952ರ ಕೊನೆಯಲ್ಲಿ ಅಮೆರಿಕದ ಸೋನೋಟೋನ್ ಕಂಪನಿ ಟ್ರಾನ್ಸಿಸ್ಟರ್ ಇರುವ ಶ್ರವಣ ಯಂತ್ರವನ್ನು ಮಾರುಕಟ್ಟೆಗೆ ತಂತು. ಎರಡಕ್ಕೂ ಸಂಬಂಧವಿಲ್ಲ, ಆದರೆ ನನಗೆ ಈ ಎರಡು ಸುದ್ದಿ ಒಟ್ಟಿಗೇ ನೆನಪಾಗುತ್ತವೆ. ಅದಕ್ಕೂ ಮುಂಚಿನ ಯಂತ್ರಗಳಲ್ಲಿ ಗಾಜಿನ ವಾಲ್ವುಗಳು. ಅವು ಬ್ಯಾಟರಿ ತಿಂದು ಹಾಕುತ್ತಿದ್ದವು. 1947ರ ಕೊನೆಗೆ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಸಿದ್ಧವಾಯಿತು. ಶ್ರವಣ ಯಂತ್ರ ಮಾಡುವವರಿಂದ ರಾಯಲ್ಟಿ ಬೇಡ ಅಂದರು. ಕಾರಣ ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪು: ಆತ ಕಿವುಡ ಮಕ್ಕಳ ಮೇಷ್ಟ್ರು, ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಟ್ರಾನ್ಸಿಸ್ಟರ್ ರೇಡಿಯೋ ಅಂಗಡಿಗೆ ಬಂದದ್ದು 1954ರಲ್ಲಿ. ನಮ್ಮ ಮನೆಗಳಲ್ಲಿ 'ಟ್ರಾನ್ಸಿಸ್ಟರ್' ಅಂದ್ರೆ ರೇಡಿಯೋನೇ ಅಲ್ಲವಾ? ಅದು ಶ್ರವಣ ಯಂತ್ರದ ತಮ್ಮ!

ಇನ್ನೊಂದು ಕಡೆಯಿಂದ ನೋಡಿ. ದೊಡ್ಡ ಸಭೆಯ ಹಿಂದಿನ ಸಾಲಿನಲ್ಲಿ ಕೂತವರೆಲ್ಲ ಅರ್ಧ ಕಿವುಡರೇ. ಮೈಕ್ ಊರೂರಿಗೆ ಬರುವ ಮುಂಚೆ ಮೈಸೂರಿನ ಟಿ. ಚೌಡಯ್ಯನವರು ಮೂರು ತಂತಿಗಳಿಗೆ ಜೋಡಿ ಹಾಕಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಹಿಂದೆ ಕೂತವರಿಗೂ ನಾದ ಮುಟ್ಟಲಿ ಅಂತಲೇ ಹಾಗೆ ಮಾಡಿದರು ಅಂತಾರೆ. 1963ರಲ್ಲಿ ಷಣ್ಮುಖಾನಂದದ ಸಭಾಂಗಣ ಎದ್ದಾಗ ಅದರಲ್ಲಿ 2,700ಕ್ಕೂ ಹೆಚ್ಚು ಕುರ್ಚಿ. ಅಷ್ಟು ಜನಕ್ಕೆ ಬರಿಗೈಯಲ್ಲಿ ಯಾರು ಕೇಳಿಸಬಲ್ಲರು?

ಬೀಥೋವನ್ ಹೆಸರು ಹೇಳದೆ ಈ ಮಾತು ಮುಗಿಯೋದಿಲ್ಲ. 1824ರಲ್ಲಿ ಒಂಬತ್ತನೇ ಸಿಂಫನಿ ಮುಗಿದಾಗ ಚಪ್ಪಾಳೆ ಕೇಳಿಸದೆ ನಿಂತಿದ್ದ, ಗಾಯಕಿಯೊಬ್ಬಳು ತಿರುಗಿಸಿ ತೋರಿಸಿದಳು ಅನ್ನೋ ಕಥೆ ಎಲ್ಲರೂ ಹೇಳ್ತಾರೆ. ನನಗೆ ಹತ್ತಿರವಾದದ್ದು 1802ರ ಅವನ ಪತ್ರ. ತಮ್ಮಂದಿರಿಗೆ ಬರೆದು ಕಳಿಸದೆ ಇಟ್ಟುಕೊಂಡದ್ದು. ನನಗೆ ಕೇಳಿಸ್ತಿಲ್ಲ, ಜೋರಾಗಿ ಮಾತಾಡಿ ಅಂತ ಜನರಿಗೆ ಹೇಳೋದಕ್ಕೆ ಆಗದ ಸಂಕಟ ಅದರಲ್ಲಿದೆ. ಸಂಗೀತಗಾರನಿಗೇ ಕಿವಿ ಸರಿಯಿಲ್ಲ ಅಂದರೆ ಹೇಗೆ, ಅನ್ನೋ ನಾಚಿಕೆ.

ಆ ನಾಚಿಕೆ ನನಗೆ ಗೊತ್ತು. ಶನಿವಾರದ ಭಜನೆಯಲ್ಲಿ ಒಂದು ದಿನ ನನ್ನ ಪಿಟೀಲು ಶ್ರುತಿಗಿಂತ ಮೇಲೇರಿ ಕೂತಿತ್ತು. ಯಾರೂ ಏನೂ ಅನ್ನಲಿಲ್ಲ. ಮೃದಂಗದ ಹುಡುಗ ಮಾತ್ರ ನೆಲ ನೋಡ್ತಾ ಇದ್ದ. ಮನೆಗೆ ಬಂದು ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟವನು ಎರಡು ವರ್ಷ ಇಳಿಸಲಿಲ್ಲ. 'ಕೆಲಸ ಜಾಸ್ತಿ' ಅಂತ ಸುಳ್ಳು ಹೇಳ್ತಿದ್ದೆ.

ಆಮೇಲೆ ಯಂತ್ರ ಹಾಕಿಸಿಕೊಂಡೆ. ಮಾತು ಚೆನ್ನಾಗಿ ಕೇಳಿಸಿತು, ಸಂಗೀತ ಕೆಟ್ಟಿತು! ಯಾಕೆ ಅಂದ್ರೆ ಈ ಯಂತ್ರಗಳನ್ನು ಮಾಡಿರೋದು ಮಾತಿಗೆ. ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಗೊರಗೊರ ಅಂದುಕೊಂಡು ಅದು ತಗ್ಗಿಸುತ್ತೆ. ತಂಬೂರಿಯ ಗತಿ ಏನಾಗಬೇಕು? ಕಮಾನನ್ನು ಉದ್ದಕ್ಕೆ ಎಳೆದರೆ, ತನ್ನದೇ ಶಿಳ್ಳೆ ಅಂದುಕೊಂಡು ಅದನ್ನು ಅಳಿಸಲು ಹೋಗಿ ಸ್ವರವನ್ನೇ ನಡುಗಿಸುತ್ತೆ. ಪಿಟೀಲು ಹೊತ್ತುಕೊಂಡೇ ಆಡಿಯಾಲಜಿಸ್ಟ್ ಹತ್ತಿರ ಹೋದೆ. ಆಕೆ ಆ ಎರಡನ್ನೂ ಆಫ್ ಮಾಡಿ, ಸಂಗೀತಕ್ಕೇ ಬೇರೆ ಪ್ರೋಗ್ರಾಮ್ ಹಾಕಿಕೊಟ್ಟರು. ಯಂತ್ರ ಇಟ್ಟುಕೊಂಡು ಸಂಗೀತ ಬಿಟ್ಟವರು ಯಾರಾದರೂ ನೋಡ್ತಿದ್ದರೆ, ದಯವಿಟ್ಟು ಇದೊಂದನ್ನು ಕೇಳಿ ನೋಡಿ.

ಶ್ರುತಿ ಮಾಡೋ ಉಪಾಯ ಸಿಕ್ಕಿದ್ದು ಎಡಿಸನ್‌ನಿಂದ. 1877ರಲ್ಲಿ ಫೋನೋಗ್ರಾಫ್ ಮಾಡಿದ ಆತನಿಗೆ ಹುಡುಗನಾಗಿದ್ದಾಗಿನಿಂದ ಕಿವಿ ಮಂದ. ಯಂತ್ರದ ಮರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೇಳುತ್ತಿದ್ದ. ಸದ್ದು ಮೂಳೆಯ ಮೂಲಕ ನೇರ ಒಳಗಿವಿಗೆ ಹೋಗುತ್ತೆ. ನಾನು ಕಚ್ಚೋದಿಲ್ಲ, ಪಿಟೀಲು ಬೆಲೆಬಾಳೋದು. ದವಡೆಯನ್ನು ಅದರ ಅಂಚಿಗೆ ಒತ್ತಿ ಷಡ್ಜದ ತಂತಿ ಮೀಟುತ್ತೇನೆ.

ಮೇಲಿನ ಸ್ವರಗಳಲ್ಲಿ ಇನ್ನೂ ತಪ್ಪುತ್ತೆ. ಮೃದಂಗದ ಹುಡುಗನ ಪಕ್ಕದಲ್ಲೇ ಕೂರ್ತೀನಿ. ಏರಿದರೆ ಮೊಣಕಾಲು ತಟ್ಟು ಮಾರಾಯ ಅಂತ ಹೇಳಿಟ್ಟಿದ್ದೇನೆ. ಹೋದ ಶನಿವಾರ ಎರಡು ಸಲ ತಟ್ಟಿದ.