ಪದ ಪರಿಚಯ: ಹೊರೆ

ಹಳೆಗನ್ನಡದಲ್ಲಿ ‘ಪೊಱು’ ಎಂದರೆ ಹೊತ್ತುಕೊಳ್ಳು, ಹೊತ್ತದ್ದು ‘ಪೊಱೆ’. ಪಕಾರ ಹಕಾರವಾಗಿ ಹೊರು, ಹೊರೆ ಆದವು. ತಮಿಳಿನ ‘ಪೊಱೈ’ ಇದರ ಒಡಹುಟ್ಟು. ಯಾಪಲದಿನ್ನಿ, ದೇವದುರ್ಗ, ಮಾನ್ವಿ ಕಡೆಯ ಬಾಯಲ್ಲಿ ಇದು ‘ಹೊರಿ’. ಹುಲ್ಲಿನ ಹೊರೆಯನ್ನು ತಲೆಯಿಂದ ಇಳಿಸಲು ಇನ್ನೊಬ್ಬರ ಕೈ ಬೇಕು: “ಹೊರಿ ಇಳಸ ಬಾ, ಯವ್ವಾ.” ಸಾಲದ ಹೊರೆ, ತೆರಿಗೆ ಹೊರೆ ಎಂಬ ಬಳಕೆಗಳು ಇಲ್ಲಿಂದಲೇ ಬೆಳೆದವು.

ಈಗ ಕ್ರೀಡಾಪುಟಕ್ಕೂ ಈ ಪದ ಬೇಕಾಗಿದೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ 2005ರಿಂದ ತಂಡದ ಸಂಬಳಕ್ಕೆ ಮಿತಿಯಿದೆ. ದುಬಾರಿ ಒಪ್ಪಂದವನ್ನು ಇಳಿಸಿಕೊಳ್ಳಲು ತಂಡಗಳು ಮತ್ತೊಂದು ತಂಡದ ಕೈ ಹಿಡಿಯುತ್ತವೆ, ಅದಕ್ಕೆ ಬೆಲೆಯನ್ನೂ ತೆರುತ್ತವೆ. 2019ರಲ್ಲಿ ಟೊರಾಂಟೊ ತಂಡವು ಪ್ಯಾಟ್ರಿಕ್ ಮಾರ್ಲೊ ಅವರನ್ನು ಕ್ಯಾರೊಲಿನಾಗೆ ಒಪ್ಪಿಸುವಾಗ, ಹೊಸಬರ ಆಯ್ಕೆಯ ಮೊದಲ ಸುತ್ತಿನ ತನ್ನ ಹಕ್ಕನ್ನೂ ಜೊತೆಗೆ ಕೊಟ್ಟಿತು.

ನಮ್ಮ ಐಪಿಎಲ್‌ನಲ್ಲಿ ದಾರಿ ಸುಲಭ: ಹರಾಜಿಗೆ ಮೊದಲು ಆಟಗಾರನನ್ನು ಬಿಟ್ಟರೆ ಆ ಹಣ ತಂಡದ ಲೆಕ್ಕಕ್ಕೆ ಮರಳುತ್ತದೆ. 2023ರ ನವೆಂಬರ್‌ನಲ್ಲಿ ಮುಂಬೈ ತಂಡ 17.50 ಕೋಟಿಯ ಕ್ಯಾಮರೂನ್ ಗ್ರೀನ್ ಅವರನ್ನು ಬೆಂಗಳೂರಿಗೆ ದಾಟಿಸಿ, ಹಾರ್ದಿಕ್ ಪಾಂಡ್ಯ ಅವರಿಗೆ ಜಾಗ ಮಾಡಿಕೊಂಡಿತು. ಬೆಂಗಳೂರು ತಲಾ 10.75 ಕೋಟಿಯ ಹರ್ಷಲ್ ಪಟೇಲ್, ವನಿಂದು ಹಸರಂಗ ಇಬ್ಬರನ್ನೂ ಬಿಟ್ಟಿತು. ಹಸರಂಗ 1.5 ಕೋಟಿಗೆ ಹೈದರಾಬಾದ್ ಸೇರಿದರು. ಹರ್ಷಲ್‌ಗೆ ಪಂಜಾಬ್ 11.75 ಕೋಟಿ ಕೊಟ್ಟಿತು. 2024ರಲ್ಲಿ 24 ವಿಕೆಟ್ ಪಡೆದು ಅವರು ಟೂರ್ನಿಯಲ್ಲೇ ಮೊದಲಿಗರಾದರು.

ಆದ್ದರಿಂದ ಬರೆಯುವವರಲ್ಲಿ ಒಂದು ಕೋರಿಕೆ: ಒಪ್ಪಂದವನ್ನು ಹೊರೆ ಎನ್ನಿ, ಆಟಗಾರನನ್ನು ಹಾಗೆ ಕರೆಯಬೇಡಿ.