ಬೆಳಕು ಹೋದ ದಾರಿ

ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ಕಾಲುವೆ, ಯಂತ್ರ, ತಂತಿಗಳ ಲೆಕ್ಕವನ್ನು ತಪ್ಪದೆ ಕೊಡುತ್ತಾರೆ. ಅವುಗಳನ್ನು ನಡೆಸಿದ ಕೈಗಳ ಲೆಕ್ಕವನ್ನು ಕೊಡುವವರು ಕಡಿಮೆ. ನನಗಾದರೋ ಆ ಎರಡನೆಯ ಲೆಕ್ಕವೇ ಹೆಚ್ಚಿನದೆಂದು ತೋರುತ್ತದೆ.

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರ ಜೂನ್ ಕೊನೆಯಲ್ಲಿ. ಈ ಕಾರ್ಯಕ್ಕೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣಲಿಲ್ಲ; ಹಿಂದಿನ ವರ್ಷವೇ ತೀರಿಕೊಂಡಿದ್ದರು. ಯಂತ್ರಗಳು ಕಡಲಾಚೆಯಿಂದ ಬಂದವು. ಅವುಗಳ ಮರ್ಮವನ್ನು ಬಲ್ಲ ಎಂಜಿನಿಯರುಗಳೂ ಅಲ್ಲಿಂದಲೇ ಬಂದರು. ಹೊಸ ವಿದ್ಯೆ ಮೊದಲು ಪರರ ಕೈಯಲ್ಲಿ ಬರುವುದು ಸಹಜ. ಅದು ಬಂದಮೇಲೆ ಎಲ್ಲಿ ನೆಲೆನಿಂತಿತು ಎಂಬುದೇ ಪ್ರಶ್ನೆ.

1905ರಲ್ಲಿ ಬೆಂಗಳೂರಿಗೆ ದೀಪ ಬಂತು. 1911ರಲ್ಲಿ ಅದೇ ಊರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುತ್ ಶಾಸ್ತ್ರದ ಪಾಠ ಆರಂಭವಾಯಿತು. 1917ರಲ್ಲಿ ಎಂಜಿನಿಯರಿಂಗ್ ಕಾಲೇಜು, 1943ರಲ್ಲಿ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಜಯಚಾಮರಾಜೇಂದ್ರ ಕಸುಬಿನ ಶಾಲೆ. ಒಂದೊಂದೂ ನಾಡಿಗೆ ಉಪಕಾರ ಮಾಡಿದ ಸಂಸ್ಥೆಯೇ. ಆದರೂ ಒಂದು ಮಾತನ್ನು ಗಮನಿಸಬೇಕು: ನೀರು ಧುಮುಕಿದ್ದು ಶಿವನಸಮುದ್ರದಲ್ಲಿ, ಶಾಲೆಗಳು ತೆರೆದದ್ದು ರಾಜಧಾನಿಯಲ್ಲಿ. ಬೆಳಕು ಹೋದ ದಾರಿಯಲ್ಲೇ ವಿದ್ಯೆಯೂ ಹೋಯಿತು.

ಈ ದಾರಿಯನ್ನು ತಿರುಗಿಸುವ ಒಂದು ಪ್ರಯತ್ನ ಅದೇ ವಿಜ್ಞಾನ ಮಂದಿರದಿಂದಲೇ ಹೊರಟಿತು. 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಬಳಗ ಹಳ್ಳಿಗೆ ಹೊಂದುವ ತಂತ್ರವನ್ನು ಹುಡುಕುತ್ತ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಹೋಯಿತು. ಅಲ್ಲಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರಿಗೆಲ್ಲ ಸಗಣಿಯ ಅನಿಲದಿಂದ ಅಡುಗೆ ಮಾಡಿಸಬೇಕೆಂಬುದು ಮೊದಲ ಆಲೋಚನೆ. ಅದಕ್ಕೆ ಅನಿಲ ಸಾಲದಾಯಿತು. ಊರಿನವರಿಗೆ ಬೇಕಾದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲ ಎಂಜಿನ್ನನ್ನು ಓಡಿಸಿತು. ಕೊಳವೆಬಾವಿಯ ನೀರು ಮೇಲೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದುಕೊಟ್ಟವರಿಗೆ ಸ್ವಲ್ಪ ಹಣ ಸಿಗುತ್ತಿತ್ತು, ಗೊಬ್ಬರವೂ ಹಿಂದಿರುಗುತ್ತಿತ್ತು. ಈ ಸ್ಥಾವರವನ್ನು ನಡೆಸಿದವರು ತರಬೇತು ಪಡೆದ ಊರಿನ ಯುವಕರೇ. ಅಲ್ಲಿ ಎಂಜಿನ್ನು ನಿಂತರೆ ಪೇಟೆಗೆ ಹೇಳಿಕಳುಹಿಸುವ ಮೊದಲು ಕೈಹಾಕಿ ನೋಡುವವರು ಊರಲ್ಲೇ ಇದ್ದರು. ಅನಿಲಕ್ಕಿಂತ ದೊಡ್ಡ ಉತ್ಪನ್ನ ಇದೇ ಎಂದು ನಾನು ಎಣಿಸುತ್ತೇನೆ.

ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಪಾವಗಡವಿದೆ. ಮಳೆ ಕಡಿಮೆ, ಬಿಸಿಲು ಧಾರಾಳ. ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ರೈತರಿಂದ 28 ವರ್ಷದ ಗುತ್ತಿಗೆಗೆ ಪಡೆದು ಸೌರ ಫಲಕಗಳನ್ನು ಹಾಸಿದರು. 2018ರಲ್ಲಿ ವಿದ್ಯುತ್ತು ಹರಿಯತೊಡಗಿತು. 2019ರ ಕೊನೆಗೆ ಅದರ ಶಕ್ತಿ 2,050 ಮೆಗಾವಾಟಿಗೆ ಮುಟ್ಟಿತು. ಭೂಮಿ ಮಾರಿಸದೆ ವರ್ಷವರ್ಷವೂ ಬಾಡಿಗೆ ಕೊಡುವ ಏರ್ಪಾಡು ಮೆಚ್ಚತಕ್ಕದ್ದೇ. ಆದರೆ ಆ ಬಾಡಿಗೆ ನೆಲವುಳ್ಳವನಿಗೆ. ಅದೇ ನೆಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಗೆ ಕೆಲಸವೇ ಹೋಯಿತು. ಊರವರಿಗೆ ಹೆಚ್ಚಾಗಿ ಸಿಕ್ಕಿದ್ದು ಕಾವಲು ಕಾಯುವ, ಹುಲ್ಲು ಕೊಯ್ಯುವ, ಫಲಕ ತೊಳೆಯುವ ಕೆಲಸ.

ತರಬೇತಿನ ಯೋಜನೆಗಳು ಇಲ್ಲವೆಂದಲ್ಲ. ಕೇಂದ್ರ ಸರ್ಕಾರ 2015ರಲ್ಲಿ 'ಸೂರ್ಯಮಿತ್ರ' ಎಂಬ 600 ಗಂಟೆಗಳ ಶಿಕ್ಷಣವನ್ನು ಆರಂಭಿಸಿತು. ಆದರೆ ಅದರ ಬಾಗಿಲಿಗೆ ಬರುವ ಮೊದಲೇ ಹತ್ತನೆಯ ತರಗತಿಯನ್ನೂ ಐ.ಟಿ.ಐ.ಯನ್ನೂ ದಾಟಿರಬೇಕು. ಕೂಲಿ ಕಳೆದುಕೊಂಡ ಹೆಣ್ಣುಮಗಳಿಗೆ ಆ ಬಾಗಿಲು ಎಟುಕುವುದೇ?

ಎಟುಕುವಂತೆ ಮಾಡುವುದು ಅಸಾಧ್ಯವಲ್ಲ. ಸ್ಥಾವರದ ಬಳಿಯಲ್ಲೇ ಶಾಲೆ, ಅವರ ಮಾತಿನಲ್ಲೇ ಪಾಠ, ಕಲಿಯುವಷ್ಟು ಕಾಲ ದಿನಗೂಲಿ, ಕಲಿತವರಿಗೆ ಅಲ್ಲಿಯೇ ಕೆಲಸದ ಭರವಸೆ—ಇಷ್ಟನ್ನು ಗುತ್ತಿಗೆಯ ಕರಾರಿನಲ್ಲೇ ಬರೆದಿಟ್ಟರೆ ಸಾಕು. ಫಲಕ ತೊಳೆಯುವವಳೇ ಯಾವ ಸಾಲಿನ ತಂತಿ ಸಡಿಲವಾಗಿದೆಯೆಂದು ಮೀಟರು ಹಿಡಿದು ಹೇಳಬಲ್ಲಳು, ಹೇಳಿಕೊಡುವವರು ಬೇಕು. ಇಪ್ಪತ್ತೆಂಟು ವರ್ಷವೆಂದರೆ ಒಂದನೆಯ ತರಗತಿಯ ಮಗು ಬೆಳೆದು, ಕಸುಬು ಕಲಿತು, ಇನ್ನೊಬ್ಬರಿಗೆ ಕಲಿಸುವಷ್ಟು ಕಾಲ. ಶಿವನಸಮುದ್ರದ ನೀರಿನ ಹಾಗೆ ಪಾವಗಡದ ಬಿಸಿಲೂ ತಂತಿ ಹಿಡಿದು ಊರು ಬಿಟ್ಟು ಹೋಗಲಿ. ವಿದ್ಯೆಯಾದರೂ ಅಲ್ಲಿ ಉಳಿಯಬೇಕು.